ಕಿಸೆಯೊಳಗಿನ ಚಾಕು: ಹೊಳಪು ನೋಡಬ್ಯಾಡ್ರಿ, ಹದ ನೋಡ್ರಿ

ಸಿಂದಗಿ, ಇಂಡಿ ಕಡೆ ತೋಟದ ಕೆಲಸಕ್ಕೆ ಹೊರಟವರ ಕಿಸೆಯಲ್ಲಿ ಮೊಬೈಲಿನ ಜೊತೆ ಇನ್ನೊಂದು ಸಾಮಾನು ಇದ್ದೇ ಇರುತ್ತದೆ. ಅದು ಮಡಚುವ ಚಾಕು. ಗೊಬ್ಬರದ ಚೀಲದ ಹುರಿ ಕತ್ತರಿಸಲಿಕ್ಕೆ, ಹನಿ ನೀರಾವರಿಯ ಪೈಪು ಕೊಯ್ಯಲಿಕ್ಕೆ, ದ್ರಾಕ್ಷಿ ಬಳ್ಳಿಗೆ ಕಸಿ ಕಟ್ಟಲಿಕ್ಕೆ, ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಉಳ್ಳಾಗಡ್ಡಿ ಹೆಚ್ಚಲಿಕ್ಕೆ, ಎಲ್ಲಕ್ಕೂ ಅದೇ ಬೇಕು. ಇಷ್ಟೆಲ್ಲ ದುಡಿಯುವ ಚಾಕುವನ್ನು ಕೊಳ್ಳುವಾಗ ಮಾತ್ರ ನಾವು ಕೇಳುವುದು ಎರಡೇ ಪ್ರಶ್ನೆ: “ಎಷ್ಟಕ್ಕ ಕೊಡ್ತಿ? ಜಂಗ ಹಿಡೀತದೇನು?”

ಕೇಳಬೇಕಾದ್ದು ಬೇರೆ ಅದ. ಯಾವ ಉಕ್ಕು, ಅದರ ಹದ ಹೆಂಗದ, ಕೀಲು ಗಟ್ಟಿ ಅದನೋ ಇಲ್ಲೋ, ಮನೆಯಲ್ಲೇ ಸಾಣೆ ಹಿಡಿಯಬಹುದೋ ಇಲ್ಲವೋ. ಈ ನಾಲ್ಕು ಸರಿ ಇದ್ದರೆ ಕಡಿಮೆ ಬೆಲೆಯ ಚಾಕುವೂ ವರ್ಷಗಟ್ಟಲೆ ಬಾಳುತ್ತದೆ. ಇವು ಸರಿ ಇರದಿದ್ದರೆ ಸಾವಿರಾರು ರೂಪಾಯಿಯ ಚಾಕುವೂ ಒಂದು ದಿನ ಬೆರಳಿಗೇ ಕುತ್ತು ತರುತ್ತದೆ.

ಉಕ್ಕು ನಮ್ಮದೇ ಮಾತು

ಕಬ್ಬಿಣಕ್ಕೆ ಹದವಾಗಿ ಇಂಗಾಲ ಸೇರಿದರೆ ಉಕ್ಕು. ಈ ವಿದ್ಯೆಯಲ್ಲಿ ನಮ್ಮ ನಾಡು ಹಿಂದೆ ಬಿದ್ದಿರಲಿಲ್ಲ. ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕಿಗೆ ಯುರೋಪಿನವರು ‘ವೂಟ್ಜ್’ ಎಂದರು. ಆ ಹೆಸರು ಕನ್ನಡದ ‘ಉಕ್ಕು’ ಪದದಿಂದಲೇ ಬಂದದ್ದೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಈ ಉಕ್ಕಿನ ಮೇಲೆ ಪ್ರಬಂಧ ಮಂಡಿಸಿದ್ದರು. ಮುಂದೆ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಚನ್ನರಾಯನದುರ್ಗದ ಬಳಿ ಉಕ್ಕು ಮಾಡುವ ಕ್ರಮವನ್ನು ಕಣ್ಣಾರೆ ಕಂಡು ಬರೆದಿಟ್ಟರು.

ಈಗ ನಮ್ಮ ಊರ ಕಂಬಾರರು ಕುಡಗೋಲು, ಕೊಡಲಿಗೆ ಬಳಸುವುದು ಹೆಚ್ಚಾಗಿ ಲಾರಿಯ ಹಳೆಯ ಕಮಾನು ಪಟ್ಟಿ. ಅದರಲ್ಲಿ ಶೇ 0.5ರಿಂದ 0.6ರಷ್ಟು ಇಂಗಾಲ ಇರುತ್ತದೆ. ಪೆಟ್ಟು ತಡೆಯುವ ಉಕ್ಕು ಅದು, ಕುಡಗೋಲಿಗೆ ಹೇಳಿ ಮಾಡಿಸಿದಂಥದ್ದು. ಕಿಸೆಯ ಚಾಕುವಿನ ಅಲಗು ತೆಳು, ಬಾಯಿ ಸಣ್ಣದು. ಅದಕ್ಕೆ ಇನ್ನಷ್ಟು ಗಡಸುತನ ಬೇಕು.

ಹದ ಅಂದರೆ ಏನು? ಅಲಗನ್ನು ಕೆಂಪಗೆ ಕಾಸಿ ಎಣ್ಣೆಗೋ ನೀರಿಗೋ ಅದ್ದಿದರೆ ಅದು ಗಾಜಿನಂತೆ ಗಡಸಾಗುತ್ತದೆ. ಹಂಗೇ ಬಿಟ್ಟರೆ ಬಿದ್ದಾಗ ಮುರಿಯುತ್ತದೆ. ಅದಕ್ಕೇ ಮತ್ತೆ ಸಣ್ಣ ಬಿಸಿಯಲ್ಲಿ ಕಾಸಿ ಆ ಬಿರುಸು ಇಳಿಸುತ್ತಾರೆ. ಗಡಸುತನ ಅಳೆಯಲು ರಾಕ್‌ವೆಲ್ ಎಂಬ ಮಾಪನ ಇದೆ. ಕಿಸೆ ಚಾಕುಗಳು ಸಾಧಾರಣವಾಗಿ 54ರಿಂದ 62ರ ನಡುವೆ ಇರುತ್ತವೆ. ಹೆಸರಾದ ಸ್ವಿಸ್ ಚಾಕು ವಿಕ್ಟೊರಿನಾಕ್ಸ್ ಸುಮಾರು 56. ಅದರ ಬಾಯಿ ಬೇಗ ಮೊಂಡಾದರೂ ಸಾಣೆಗೆ ಬೇಗ ಬರುತ್ತದೆ. 60 ದಾಟಿದ್ದು ಬಹುದಿನ ಹರಿತ ಉಳಿಸಿಕೊಳ್ಳುತ್ತದೆ, ಆದರೆ ಕಲ್ಲಿನ ಮೇಲೆ ಬೆವರಿಳಿಸುತ್ತದೆ.

ಅಲಗಿನ ಮೇಲಿನ ಅಕ್ಷರ ಓದುವುದು

‘ಸ್ಟೇನ್‌ಲೆಸ್’ ಎಂದು ಮಾತ್ರ ಬರೆದಿದ್ದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಉಕ್ಕಿಗೆ ಕನಿಷ್ಠ ಶೇ 10.5 ಕ್ರೋಮಿಯಂ ಬೆರೆತರೆ ಸ್ಟೇನ್‌ಲೆಸ್ ಆಗುತ್ತದೆ. ಅದು ಗಡಸು ಎಂದಲ್ಲ. ಅಗ್ಗದ ಚಾಕುಗಳಲ್ಲಿ 420 ಎಂಬ ಉಕ್ಕು ಹೆಚ್ಚು. ಜಂಗ ಹಿಡಿಯೋದು ಕಡಿಮಿ, ಬಾಯಿ ಬೇಗ ಹೋಗ್ತದ. 440ಸಿ ಎಂದಿದ್ದರೆ ಸುಮಾರು ಶೇ 1 ಇಂಗಾಲ, ಶೇ 17ರಷ್ಟು ಕ್ರೋಮಿಯಂ. ಹಳೆಯ, ನಂಬಿಗಸ್ತ ಉಕ್ಕು. ಬರೀ 440 ಎಂದಿದ್ದರೆ ಕೊನೆಯ ಅಕ್ಷರ ಯಾವುದೆಂದು ಕೇಳಿ. 440ಎ ಎನ್ನುವುದರಲ್ಲಿ ಇಂಗಾಲ ಕಡಿಮೆ.

ಡಿ2 ಎಂಬುದರಲ್ಲಿ ಸುಮಾರು ಶೇ 1.5 ಇಂಗಾಲ, ಶೇ 12 ಕ್ರೋಮಿಯಂ. ಹರಿತ ಬಹಳ ಕಾಲ ಇರುತ್ತದೆ, ಆದರೆ ಒರೆಸದೆ ಇಟ್ಟರೆ ಕಲೆ ಬೀಳುತ್ತದೆ. ಸ್ವೀಡನ್ನಿನ 14ಸಿ28ಎನ್ ಮಧ್ಯಮ ದಾರಿಯದು: ಜಂಗು ತಡೆಯುತ್ತದೆ, ಸಾಣೆಗೂ ಸುಲಭ. 2001ರಲ್ಲಿ ಅಮೆರಿಕದಲ್ಲಿ ಬಂದ ಎಸ್30ವಿಯಂಥ ದುಬಾರಿ ಉಕ್ಕುಗಳಿಗೆ ವನೇಡಿಯಂ ಬೆರೆಸಿರುತ್ತಾರೆ. ಸಾಮಾನ್ಯ ಕಲ್ಲಿಗೆ ಅವು ಸುಲಭವಾಗಿ ಜಗ್ಗುವುದಿಲ್ಲ. ವಜ್ರದ ಪುಡಿ ಕೂಡಿಸಿದ ಪಟ್ಟಿ ಇಲ್ಲದವರು ಅವುಗಳ ಗೊಡವೆಗೆ ಹೋಗದಿರುವುದೇ ಲೇಸು.

ಲಿಂಬಿಗೆ ಒಂದು, ಕಸಿಗೆ ಒಂದು

ನಮ್ಮ ಭಾಗದ ಲಿಂಬೆಯೇ ಚಾಕುವಿಗೆ ದೊಡ್ಡ ಪರೀಕ್ಷೆ. ಕ್ರೋಮಿಯಂ ಇಲ್ಲದ ಸಾದಾ ಇಂಗಾಲದ ಉಕ್ಕಿನಿಂದ ಲಿಂಬೆ ಹೆಚ್ಚಿದರೆ ಹಣ್ಣಿನ ಹುಳಿ ಅಲಗನ್ನು ಕಪ್ಪಾಗಿಸುತ್ತದೆ. ಆ ಕಪ್ಪಿಗೆ ಹೆದರಬೇಕಿಲ್ಲ. ಅದು ಒಂದು ಪದರ, ಜಂಗನ್ನು ಅಷ್ಟಿಷ್ಟು ತಡೆಯುತ್ತದೆ. ಹೆದರಬೇಕಾದ್ದು ಕೆಂಪು ಜಂಗಿಗೆ. ರಸ ಒರೆಸದೆ ಮಡಚಿಟ್ಟರೆ ಕೀಲಿನೊಳಗೆ ಕೆಂಪು ಜಂಗು ಸೇರಿಕೊಳ್ಳುತ್ತದೆ. ಹಣ್ಣು, ಉಪ್ಪಿನಕಾಯಿ ಕೆಲಸ ಹೆಚ್ಚಿದ್ದರೆ ಸ್ಟೇನ್‌ಲೆಸ್ ಉಕ್ಕೇ ಸರಿ.

ದ್ರಾಕ್ಷಿ ಕಸಿಯ ಲೆಕ್ಕ ಬೇರೆ. ವಿಜಯಪುರ ಜಿಲ್ಲೆಯ ತೋಟಗಳಲ್ಲಿ ಮೊದಲು ಡಾಗ್‌ರಿಡ್ಜ್ ಎಂಬ ಬೇರುಸಸಿ ನೆಟ್ಟು, ಮುಂದೆ ಆಗಸ್ಟ್–ಅಕ್ಟೋಬರ್ ಹೊತ್ತಿಗೆ ಅದರ ಮೇಲೆ ಬೇಕಾದ ತಳಿಯ ಕಡ್ಡಿ ಕೂಡಿಸುತ್ತಾರೆ. ಕಡ್ಡಿಯನ್ನು ಬೆಣೆಯಂತೆ ಕೆತ್ತಿ, ಸೀಳಿದ ಕಾಂಡದೊಳಗೆ ಸೇರಿಸಿ, ತೊಗಟೆಯ ಕೆಳಗಿನ ಹಸಿರು ಪದರಗಳು ಒಂದಕ್ಕೊಂದು ತಾಗುವಂತೆ ಕಟ್ಟಬೇಕು. ಚಾಕು ಮೊಂಡಾಗಿದ್ದರೆ ಕೊಯ್ತ ಜಜ್ಜಿದಂತಾಗುತ್ತದೆ, ಪದರ ಕೂಡುವುದಿಲ್ಲ, ಕಡ್ಡಿ ಒಣಗುತ್ತದೆ. ಹಂಗಾದ ಗಿಡಕ್ಕೆ ಮತ್ತೊಮ್ಮೆ ಕಸಿ ಕಟ್ಟಬೇಕು, ಆ ಸಾಲೇ ಹಿಂದೆ ಬೀಳುತ್ತದೆ. ಸಾವಿರಾರು ಗಿಡದ ತೋಟದಲ್ಲಿ ಒಂದು ಚಾಕುವಿನ ಬಾಯಿ ಎಷ್ಟು ಬಾಳ್ತದ ಅನ್ನೋದು ಅವಾಗ ತಿಳೀತದ.

ಕಸಿ ಚಾಕುಗಳಲ್ಲಿ ಬಹಳಷ್ಟಕ್ಕೆ ಸಾಣೆ ಒಂದೇ ಮಗ್ಗುಲಲ್ಲಿ ಇರುತ್ತದೆ, ಇನ್ನೊಂದು ಮಗ್ಗುಲು ಚಪ್ಪಟೆ. ಕೊಯ್ತ ಸೀದಾ ಬರಲೆಂದು ಹೀಗೆ ಮಾಡಿರುತ್ತಾರೆ. ಎಡಗೈಯವರು ಕೊಳ್ಳುವಾಗ ಸಾಣೆ ಯಾವ ಮಗ್ಗುಲಲ್ಲಿದೆ ಎಂದು ನೋಡಿ ಕೊಳ್ಳಬೇಕು. ಕಸಿ ಚಾಕುವಿನಿಂದ ತಂತಿ, ಪೈಪು ಕೊಯ್ಯಬಾರದು. ಆ ಕೆಲಸಕ್ಕೆ ಅಗ್ಗದ ಇನ್ನೊಂದು ಇರಲಿ.

ಲಿಂಬೆಯ ಕಜ್ಜಿ ರೋಗ ಸಲಕರಣೆಯಿಂದಲೂ ಗಿಡದಿಂದ ಗಿಡಕ್ಕೆ ಹರಡುತ್ತದೆ. ಅದಕ್ಕೇ ಶೇ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅಲಗನ್ನು ಅದ್ದಿ ಮುಂದಿನ ಗಿಡ ಮುಟ್ಟಬೇಕು. ಆದರೆ ಈ ದ್ರಾವಣ ಸ್ಟೇನ್‌ಲೆಸ್ಸನ್ನೂ ತಿನ್ನುತ್ತದೆ. ಕೆಲಸ ಮುಗಿದ ಕೂಡಲೇ ನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಬೇಕು.

ಕೀಲು ಅಲ್ಲಾಡಿಸಿ ನೋಡ್ರಿ

ಅಂಗಡಿಯಲ್ಲಿ ಚಾಕು ತೆರೆದು, ಅಲಗಿನ ಬೆನ್ನು ಹಿಡಿದು ಮ್ಯಾಲ ಕೆಳಗ, ಎಡಕ್ಕ ಬಲಕ್ಕ ಅಲ್ಲಾಡಿಸಿ. ಟಕ್‌ಟಕ್ ಎಂದರೆ ಬ್ಯಾಡ. ಮಡಚಿದಾಗ ಅಲಗು ಹಿಡಿಕೆಯ ನಡುವೆ ನೇರ ಕೂಡಬೇಕು, ಒಂದು ಕಡೆ ಉಜ್ಜಬಾರದು. ಕೀಲಿಗೆ ರಿವೆಟ್ ಬದಲು ಸ್ಕ್ರೂ ಇದ್ದರೆ ಸಡಿಲಾದಾಗ ಮನೆಯಲ್ಲೇ ಬಿಗಿಯಬಹುದು, ಬಿಚ್ಚಿ ತೊಳೆಯಬಹುದು.

ಮುಖ್ಯವಾದದ್ದು ಲಾಕು. ಸಾದಾ ಚಾಕುವಿನಲ್ಲಿ ಬೆನ್ನಿನ ಸ್ಪ್ರಿಂಗು ಮಾತ್ರ ಅಲಗನ್ನು ತಡೆದಿರುತ್ತದೆ. ತುದಿಯಿಂದ ಒತ್ತಿ ಚುಚ್ಚಿದರೆ ಅದು ಬೆರಳ ಮೇಲೇ ಮಡಚಿಕೊಳ್ಳಬಹುದು. ಫ್ರಾನ್ಸಿನ ಒಪಿನೆಲ್ ಚಾಕು 1890ರಷ್ಟು ಹಳೆಯದು. 1955ರಲ್ಲಿ ಅದರ ಕೊರಳಿಗೆ ತಿರುಗಿಸುವ ಉಂಗುರ ಬಂತು. ಉಂಗುರ ತಿರುವಿದರೆ ಅಲಗು ಅಲ್ಲೇ ನಿಲ್ಲುತ್ತದೆ. ಈಗಿನ ಬಹಳಷ್ಟು ಚಾಕುಗಳಲ್ಲಿ ಹಿಡಿಕೆಯೊಳಗಿನ ಒಂದು ತಗಡು ಅಡ್ಡ ಬಂದು ಅಲಗಿನ ಬುಡ ತಡೆಯುತ್ತದೆ. ಆ ತಗಡು ಬುಡದ ಅಂಚಿಗೆ ಮಾತ್ರ ತಾಗಿದ್ದರೆ ನಂಬಬೇಡಿ, ಪೂರ್ತಿ ಕೂತಿರಬೇಕು.

ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಮನೆಯಲ್ಲಿರುವ ಕುಸುಬಿ ಎಣ್ಣೆ ಬೇಡ. ಅದು ಗಾಳಿಗೆ ಒಣಗಿ ಅಂಟಾಗುತ್ತದೆ.

ಸಾಣೆ: ಮನೆಯಲ್ಲೇ, ತಣ್ಣಗೆ

ಕರೆಂಟಿನ ಸಾಣೆ ಚಕ್ರಕ್ಕೆ ಹಿಡಿದಾಗ ಕಿಡಿ ಹಾರುವುದು ನೋಡಲು ಚೆಂದ. ಆದರೆ ತೆಳು ಅಲಗು ಅಲ್ಲಿ ಬೇಗ ಕಾಯುತ್ತದೆ. ಅಂಚು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಬಿಸಿ ಸುಮಾರು 300 ಡಿಗ್ರಿ ಮುಟ್ಟಿದೆ, ಹದ ಹೋಗಿದೆ ಎಂದೇ ಅರ್ಥ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಎರಡು ಮುಖದ ಸಾಣೆಕಲ್ಲು, ಒಂದು ಕಡೆ 400, ಇನ್ನೊಂದು ಕಡೆ 1000 ನಂಬರಿನದು, ಮನೆಗೆ ಸಾಕು. ಕಲ್ಲನ್ನು ಒದ್ದೆ ಬಟ್ಟೆಯ ಮೇಲಿಟ್ಟರೆ ಜಾರುವುದಿಲ್ಲ. ಅಲಗನ್ನು ಸುಮಾರು 20 ಡಿಗ್ರಿ ಎತ್ತಿ ಹಿಡಿಯಿರಿ. ಎರಡು ಸೆಂಟಿಮೀಟರ್ ಅಗಲದ ಅಲಗಿಗೆ ಬೆನ್ನು ಕಲ್ಲಿನಿಂದ ಏಳು ಮಿಲಿಮೀಟರ್ ಮೇಲಿದ್ದರೆ ಆ ಕೋನ ಬಂದ ಹಾಗೆ. ಒಂದೇ ಮಗ್ಗುಲು ಮಸೆಯುತ್ತ ಹೋಗಿ. ಇನ್ನೊಂದು ಮಗ್ಗುಲಿನ ಅಂಚಿಗೆ ಉಕ್ಕಿನ ಸಣ್ಣ ಒರಟು ಗೆರೆ ಉದ್ದಕ್ಕೂ ಏಳುತ್ತದೆ. ಬೆನ್ನಿನಿಂದ ಅಂಚಿನ ಕಡೆಗೆ ಬೆರಳು ಹಗುರ ಸವರಿದರೆ ತಿಳಿಯುತ್ತದೆ. ಅದು ಎದ್ದ ಮೇಲೆಯೇ ಮಗ್ಗುಲು ಬದಲಿಸಿ. ಬಳಿಕ 1000ದ ಕಡೆ ಹಗುರ ಕೈಯಿಂದ ಮಸೆದು, ಕೊನೆಗೆ ಹಳೆಯ ತೊಗಲಿನ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಹತ್ತಿಪ್ಪತ್ತು ಸಲ ಎಳೆಯಿರಿ. ಹಿಂದೆ ಕ್ಷೌರದ ಅಂಗಡಿಯಲ್ಲಿ ಕತ್ತಿ ಸವರುತ್ತಿದ್ದ ಪಟ್ಟಿಯ ಕೆಲಸವೂ ಇದೇ. ಒಂದೇ ಮಗ್ಗುಲಿನ ಕಸಿ ಚಾಕುವಿಗೆ ಮಾತ್ರ ಇಳಿಜಾರು ಕಡೆ ಅದರದೇ ಕೋನದಲ್ಲಿ ಮಸೆದು, ಚಪ್ಪಟೆ ಕಡೆ ಕಲ್ಲಿಗೆ ಸಮ ಇಟ್ಟು ಎರಡು ಸಲ ಎಳೆದರೆ ಆಯ್ತು.

ಹರಿತ ನೋಡಲು ಹೆಬ್ಬೆರಳು ಬೇಡ, ಪೇಪರ್ ಕೊಯ್ದು ನೋಡಿ. ಹರಕು ಇಲ್ಲದೆ ಸರ್ರನೆ ಹೋಗಬೇಕು. ಮೊಂಡು ಚಾಕುವೇ ಹೆಚ್ಚು ಅಪಾಯ. ಅದಕ್ಕೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗಲೇ ಜಾರುತ್ತದೆ.

ಕಾಯ್ದೆಯ ಒಂದು ಮಾತು

ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕು ಆಯುಧದ ಲೆಕ್ಕಕ್ಕೆ ಬರುತ್ತದೆ. ಮನೆ, ಒಕ್ಕಲುತನ, ಕೈಗಾರಿಕೆಯ ಕೆಲಸಕ್ಕೆಂದೇ ಮಾಡಿದವುಗಳಿಗೆ ವಿನಾಯಿತಿ ಇದೆ. ಕಿಸೆಯ ಚಾಕು ಇದಕ್ಕಿಂತ ಬಹಳ ಸಣ್ಣದು. ಆದರೂ ಸಿನಿಮಾದಲ್ಲಿ ನೋಡುವ ರಾಂಪುರಿಯಂಥದ್ದು, ಗುಂಡಿ ಒತ್ತಿದರೆ ಹಾರುವಂಥದ್ದು ಕೊಳ್ಳಲು ಹೋಗಬೇಡಿ. ತೋಟದ ಚಾಕು ತೋಟದ ಚೀಲದಲ್ಲಿರಲಿ, ಜಾತ್ರೆ, ಚುನಾವಣೆಯ ಗದ್ದಲಕ್ಕೆ ಬರಬಾರದು. ವಿಮಾನ ಹತ್ತುವವರು ಕೈಚೀಲದಲ್ಲಿ ಇಟ್ಟುಕೊಳ್ಳಬಾರದು, ಲಗೇಜಿಗೆ ಹಾಕಬೇಕು.

ಸಾದಾ ಇಂಗಾಲದ ಉಕ್ಕಿನ ಚಾಕು ಕೊಂಡವರು ದಿನಾ ಒರೆಸಿ ಇಡಲಿ. ಅಷ್ಟು ವ್ಯವಧಾನ ಇಲ್ಲದವರು ಸ್ಟೇನ್‌ಲೆಸ್ ಕೊಳ್ಳಲಿ. ನಿಮ್ಮ ಊರಾಗ ಈಗಲೂ ಮಡಚುವ ಚಾಕು ಕೈಯಿಂದ ಮಾಡುವ ಕಂಬಾರರು ಇದ್ದರ, ಅವರ ಕುಲುಮೆಯ ಕೆಲಸ ಹೆಂಗ ನಡೀತದ ಅನ್ನೋದನ್ನ ಓದುಗರ ಅಂಕಣಕ್ಕ ಬರೀರಿ.