ಕಡಲಿನ ಮೇಲೆ ಬಿಸಿಲಿನ ಬೆಳೆ

ಬಿಸಿಲಿನಿಂದ ವಿದ್ಯುಚ್ಛಕ್ತಿಯನ್ನು ಪಡೆಯುವ ಉದ್ಯೋಗಕ್ಕೆ ನಮ್ಮ ದೇಶದಲ್ಲಿ ಬಿಸಿಲಿನ ಬರವಿಲ್ಲ, ಬರವಿರುವುದು ನೆಲಕ್ಕೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2050 ಮೆಗಾವ್ಯಾಟ್ ಶಕ್ತಿಯ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಭೂಮಿ ಬೇಕಾಯಿತು. ಮಳೆಯನ್ನು ನಂಬಿ ಸೋತಿದ್ದ ಆ ಸೀಮೆಯ ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳ ಆರಂಭದ ಗುತ್ತಿಗೆಗೆ ಹೊಲಗಳನ್ನು ಒಪ್ಪಿಸಿದ ಸಂಗತಿಯು ನಮ್ಮ ವಾಚಕರಿಗೆ ವಿದಿತವೇ ಇದೆ. ಭೂಮಿಯಿದ್ದವನಿಗೆ ಗುತ್ತಿಗೆಯ ಹಣ ಬಂದಿತು. ಅದೇ ಹೊಲದಲ್ಲಿ ಕೂಲಿ ಮಾಡಿಕೊಂಡಿದ್ದವನಿಗೆ ಏನು ಬಂದಿತೆಂದು ವಿಚಾರಿಸಿದವರು ಕಡಿಮೆ. ಅದು ಹಾಗಿರಲಿ. ನಾಡಿನ ಎಲ್ಲ ತಾಲೂಕುಗಳೂ ಪಾವಗಡದಂತೆ ಒಣಗಿದವುಗಳಲ್ಲ. ಫಲವತ್ತಾದ ಭೂಮಿಯನ್ನು ಗಾಜಿನ ಫಲಕಗಳಿಂದ ಹೊದಿಸಿರೆಂದು ಹೇಳುವ ಧೈರ್ಯ ಯಾರಿಗೂ ಬರಲಾರದು. ಆದಕಾರಣ ತಜ್ಞರ ದೃಷ್ಟಿಯು ನೆಲವನ್ನು ಬಿಟ್ಟು ನೀರಿನ ಕಡೆಗೆ ತಿರುಗಿದುದು ಸಹಜವೇ ಸರಿ.

ಕೆರೆ ಜಲಾಶಯಗಳ ಮೇಲೆ ಫಲಕಗಳನ್ನು ತೇಲಿಸುವ ವಿದ್ಯೆಯು ಈಗ ಹೊಸದಲ್ಲ. ತೆಲಂಗಾಣದ ರಾಮಗುಂಡಂ ಜಲಾಶಯದಲ್ಲಿ 100 ಮೆಗಾವ್ಯಾಟಿನ ತೇಲುವ ಸ್ಥಾವರವು 2022ರಲ್ಲಿ ಪೂರ್ಣವಾಗಿ ಆರಂಭವಾಯಿತು. ನೀರಿನ ತಂಪಿನಿಂದ ಫಲಕಗಳು ಹೆಚ್ಚು ಕಾಯುವುದಿಲ್ಲ. ಕಾಯದ ಫಲಕವು ಹೆಚ್ಚು ವಿದ್ಯುತ್ತನ್ನು ಕೊಡುತ್ತದೆ. ನೀರು ಆವಿಯಾಗುವುದೂ ಕೆಲಮಟ್ಟಿಗೆ ತಪ್ಪುತ್ತದೆ. ಕಡಲಿನಲ್ಲಿ ಮಾತ್ರ ಈ ಎರಡನೆಯ ಲಾಭವಿಲ್ಲ. ಸಮುದ್ರದ ನೀರನ್ನು ಉಳಿಸಿ ಯಾರಿಗೆ ಏನಾಗಬೇಕಾಗಿದೆ?

ಕಡಲಿಗೇ ಇಳಿದವರಲ್ಲಿ ಸಿಂಗಪುರದವರು ಮುಖ್ಯರು. ಅಂಗೈಯಗಲದ ಆ ದ್ವೀಪದಲ್ಲಿ ನೆಲಕ್ಕೆ ಚಿನ್ನದ ಬೆಲೆ. 2021ರಲ್ಲಿ ಅವರು ಜೋಹೋರ್ ಜಲಸಂಧಿಯಲ್ಲಿ 13,000ಕ್ಕೂ ಮಿಕ್ಕ ಫಲಕಗಳನ್ನು ತೇಲಿಸಿ 5 ಮೆಗಾವ್ಯಾಟಿನ ಸ್ಥಾವರವನ್ನು ಮಾಡಿದರು. ಆದರೆ ಅದು ಎರಡು ನೆಲಗಳ ನಡುವಣ ಶಾಂತವಾದ ನೀರು. ಬಿರುಸಾದ ಉತ್ತರ ಸಮುದ್ರದಲ್ಲಿ ಡಚ್ಚರು 2019ರಲ್ಲಿ ತೀರ ಚಿಕ್ಕದೊಂದು ತೆಪ್ಪವನ್ನು ಇಳಿಬಿಟ್ಟು, ಚಳಿಗಾಲದ ಬಿರುಗಾಳಿಗಳಲ್ಲಿಯೂ ಅದು ಉಳಿಯುವುದನ್ನು ಪರೀಕ್ಷಿಸಿ ನೋಡಿದರು. ಚೀನದ ಶಾನ್‌ಡಾಂಗ್ ಪ್ರಾಂತದ ಕರಾವಳಿಯಲ್ಲಿ 2024ರ ಕೊನೆಗೆ ವಿದ್ಯುತ್ತನ್ನು ಕೊಡಲಾರಂಭಿಸಿದ 1000 ಮೆಗಾವ್ಯಾಟಿನ ಮಹಾ ಸ್ಥಾವರವನ್ನು ಹಲವರು ಇದೇ ಪಂಕ್ತಿಯಲ್ಲಿ ಎಣಿಸುತ್ತಾರೆ. ಅದು ಸರಿಯಲ್ಲ. ಅದು ತೇಲುವುದಲ್ಲ, ಆಳವಿಲ್ಲದ ಸಮುದ್ರತಳದಲ್ಲಿ ಕಂಬಗಳನ್ನು ನೆಟ್ಟು ನಿಲ್ಲಿಸಿದುದು.

ತೇಲುವುದಕ್ಕೂ ನಿಲ್ಲುವುದಕ್ಕೂ ಇರುವ ಈ ಭೇದವೇ ಇಲ್ಲಿಯ ಮುಖ್ಯ ಪ್ರಶ್ನೆ. ಅಲೆಯು ಒಂದು ದಿನದಲ್ಲಿ ತೆಪ್ಪವನ್ನು ಸಾವಿರಾರು ಸಲ ಎತ್ತಿ ಇಳಿಸುತ್ತದೆ. ಕೀಲುಗಳು ಸವೆಯುತ್ತವೆ, ಲಂಗರಿನ ಹಗ್ಗ ಬಳಲುತ್ತದೆ, ಉಪ್ಪು ಕಬ್ಬಿಣವನ್ನು ತಿನ್ನುತ್ತದೆ, ಹಕ್ಕಿಗಳ ಹಿಕ್ಕೆಯು ಫಲಕದ ಕಣ್ಣನ್ನು ಮುಚ್ಚುತ್ತದೆ. ಜಪಾನಿನ ಯಾಮಾಕುರಾ ಎಂಬಲ್ಲಿ ತೇಲುತ್ತಿದ್ದ ಫಲಕಗಳನ್ನು 2019ರ ಸೆಪ್ಟೆಂಬರಿನ ತುಫಾನು ಒಂದರ ಮೇಲೊಂದು ಒಟ್ಟಿ ಬೆಂಕಿಗೆ ತುತ್ತಾಗಿಸಿತು. ಅದು ಕಡಲಲ್ಲ, ಅಣೆಕಟ್ಟಿನ ಒಳನೀರು ಎಂಬುದನ್ನು ಮರೆಯಲಾಗದು.

ಹಾಗಾದರೆ ಈ ಯೋಜನೆ ಬರಿಯ ಕನಸೆ? ಅಲ್ಲವೆಂದು 2023ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ವಿಶ್ವವಿದ್ಯಾಲಯದ ಇಬ್ಬರು ಶೋಧಕರು ತೋರಿಸಿದರು. ಭೂಮಧ್ಯರೇಖೆಯ ಸಮೀಪದಲ್ಲಿ ಚಂಡಮಾರುತಗಳು ಹುಟ್ಟುವುದು ಅತಿ ವಿರಳ. 40 ವರ್ಷಗಳಲ್ಲಿ 4 ಮೀಟರಿಗಿಂತ ಎತ್ತರದ ಅಲೆಯನ್ನಾಗಲಿ, ಸೆಕೆಂಡಿಗೆ 10 ಮೀಟರಿಗಿಂತ ವೇಗದ ಗಾಳಿಯನ್ನಾಗಲಿ ಕಾಣದ ಕಡಲು ಇಂಡೊನೇಶಿಯವೊಂದರಲ್ಲಿಯೇ ಸುಮಾರು 1,40,000 ಚದರ ಕಿಲೋಮೀಟರು ಇದೆಯೆಂದೂ, ಅಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಕೋಟಿ ಯೂನಿಟ್ಟುಗಳನ್ನು ಪಡೆಯಬಹುದೆಂದೂ ಅವರ ಲೆಕ್ಕ. ಇಡೀ ಜಗತ್ತು ಆಗ ಉತ್ಪಾದಿಸುತ್ತಿದ್ದುದು ಸುಮಾರು 30 ಲಕ್ಷ ಕೋಟಿ ಯೂನಿಟ್ಟು. ಲೆಕ್ಕದಲ್ಲಿರುವುದೆಲ್ಲ ಕೈಗೆ ಬರುವುದಿಲ್ಲ, ನಿಜ. ಅದರಲ್ಲಿ ನೂರರಲ್ಲೊಂದು ಪಾಲು ದೊರೆತರೂ ಜಾವಾದ ಹೊಲಗಳು ಉಳಿದಾವು.

ಇದನ್ನು ಓದಿದೊಡನೆಯೇ ನಮ್ಮ ಕರಾವಳಿಯ ಮುಂದೆಯೂ ತೆಪ್ಪಗಳನ್ನು ಹರಡಬೇಕೆಂದು ಉತ್ಸಾಹಪಡುವವರು ಇದ್ದಾರು. ನಾವು ಅದಕ್ಕೆ ಸಮ್ಮತಿಸಲಾರೆವು. ಕಾರವಾರದಿಂದ ಮಂಗಳೂರಿನವರೆಗಿನ ಕಡಲು ಮಳೆಗಾಲದಲ್ಲಿ ಎಂತಹದೆಂಬುದನ್ನು ಅಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳು ಕಡಲಿಗಿಳಿಯುವುದು ನಿಷಿದ್ಧ. ಮೀನಿನ ಸಂತಾನ ರಕ್ಷಣೆಗಾಗಿ ಮಾಡಿದ ನಿಯಮ ಅದು, ಆದರೆ ಆ ದಿನಗಳ ಅಲೆಗಳ ಪರಿಚಯವಿದ್ದವರು ನಿಯಮವಿಲ್ಲದಿದ್ದರೂ ಹಿಂಜರಿಯುವರು. ದಡದ ಹತ್ತಿರದ ನೀರಿನಲ್ಲಿ ನಾಡದೋಣಿಯವರೂ ಕೈರಂಪಣಿಯವರೂ ಬಾಳುತ್ತಿದ್ದಾರೆ. 12 ನಾಟಿಕಲ್ ಮೈಲಿನೊಳಗಿನ ಮೀನುಗಾರಿಕೆ ರಾಜ್ಯ ಸರಕಾರದ್ದು, ಅದರಾಚೆಯದು ಕೇಂದ್ರದ್ದು. ಎರಡು ಸರಕಾರಗಳ ನಡುವೆ ಮೊಗವೀರನ ಅಹವಾಲು ಯಾವ ಕಚೇರಿಯ ಮೇಜಿನ ಮೇಲೆ ನಿಲ್ಲುವುದೋ ಬಲ್ಲವರಾರು? ಪಾವಗಡದಲ್ಲಿ ರೈತನ ಹೆಸರಿನಲ್ಲಿ ಪಹಣಿಯಾದರೂ ಇತ್ತು. ಅಲೆಗೆ ಪಹಣಿಯಿಲ್ಲ, ಪಹಣಿಯಿಲ್ಲದವನಿಗೆ ಗುತ್ತಿಗೆಯ ಹಣವೂ ಇಲ್ಲ.

ಪ್ರಯೋಗ ನಡೆಯಬೇಕಾದ ಸ್ಥಳ ಬೇರೆ ಇದೆಯೆಂದು ನಮ್ಮ ಅಭಿಪ್ರಾಯ. ಅದು ಲಕ್ಷದ್ವೀಪ. ಅದರ ಉತ್ತರದ ಅಮೀನಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವೆಂಬುದನ್ನು ಇಂದು ನೆನೆಯುವವರು ಕಡಿಮೆ. ದ್ವೀಪಗಳ ಒಟ್ಟು ನೆಲ 32 ಚದರ ಕಿಲೋಮೀಟರು ಮಾತ್ರ. ಹವಳದ ದಿಬ್ಬಗಳೊಳಗಿನ ಲಗೂನುಗಳ ನೀರು ಸುಮಾರು 4,200 ಚದರ ಕಿಲೋಮೀಟರು. ಕೆಲವು ಸೌರ ಸ್ಥಾವರಗಳಿದ್ದರೂ ಅಲ್ಲಿಯ ದೀಪಗಳು ಬಹುಮಟ್ಟಿಗೆ ಹಡಗಿನಲ್ಲಿ ಹೋಗುವ ಡೀಸೆಲಿನಿಂದ ಉರಿಯುತ್ತವೆ. ದಿಬ್ಬವು ಹೊರಗಡಲಿನ ಅಲೆಯನ್ನು ಮುರಿಯುವುದರಿಂದ ಒಳನೀರು ಬಹುಪಾಲು ಶಾಂತವಾಗಿರುತ್ತದೆ. ಆದರೆ 2017ರ ಒಖಿ ಚಂಡಮಾರುತವು ಮಿನಿಕಾಯಿಯ ಮೇಲೆ ಎರಗಿತೆಂಬುದನ್ನು ಲಂಗರಿನ ಲೆಕ್ಕ ಹಾಕುವವರು ಮರೆಯಬಾರದು. ಇನ್ನೊಂದು ಆಕ್ಷೇಪವು ಅದಕ್ಕಿಂತಲೂ ಗುರುತರವಾದುದು. ಹವಳದ ಜೀವಿಗೆ ಅದರೊಳಗೆ ಬಾಳುವ ಸೂಕ್ಷ್ಮ ಪಾಚಿಯೇ ಅನ್ನದಾತ. ಪಾಚಿಗೆ ಬಿಸಿಲು ಬೇಕು. ಮೇಲೆ ಫಲಕ ಹರಡಿದರೆ ಕೆಳಗೆ ಹವಳ ಸಾಯುತ್ತದೆ. ಹವಳ ಸತ್ತರೆ ದಿಬ್ಬ ಕರಗುತ್ತದೆ. ದಿಬ್ಬವಿಲ್ಲದ ದ್ವೀಪಕ್ಕೆ ಉಳಿವಿಲ್ಲ. 1998, 2010, 2016 ಮತ್ತು 2024ರ ಕಡಲಿನ ಕಾವಿನಿಂದ ಬಿಳುಚಿಕೊಂಡ ಹವಳವು ಈಗಾಗಲೆ ಬಹಳ ಬಳಲಿದೆ.

ಆದುದರಿಂದ ಬರಿಯ ಮರಳಿನ ತಳವಿರುವ ಕಡೆಯಲ್ಲಿ, ಒಂದೇ ಲಗೂನಿನಲ್ಲಿ, ಒಂದೆರಡು ಎಕರೆಯ ತೆಪ್ಪವನ್ನು ಕೇಂದ್ರ ಸರಕಾರವು ಮೊದಲು ಇಳಿಸಿ ನೋಡಲಿ. ದ್ವೀಪವಾಸಿಗಳ ದೋಣಿಯ ದಾರಿಯನ್ನು ಅವರನ್ನೇ ಕೇಳಿ ಗುರುತು ಮಾಡಲಿ. ಹವಳವನ್ನು ಬಲ್ಲ ಜೀವಶಾಸ್ತ್ರಜ್ಞನೊಬ್ಬನು ಇಂಜಿನಿಯರನ ಕೆಳಗೆ ನೌಕರನಾಗಿರದೆ, ಕೆಲಸ ನಿಲ್ಲಿಸುವ ಅಧಿಕಾರದೊಡನೆ ಅಲ್ಲಿರಲಿ. ಎರಡು ಮಳೆಗಾಲಗಳು ಕಳೆದ ಮೇಲೆ ತೆಪ್ಪ ಉಳಿಯಿತೆ, ಕೆಳಗಿನ ಜೀವ ಉಳಿಯಿತೆ, ಎಷ್ಟು ಪೀಪಾಯಿ ಡೀಸೆಲ್ ಉಳಿಯಿತು ಎಂಬ ಮೂರು ಲೆಕ್ಕಗಳನ್ನು ಪ್ರಕಟಿಸಲಿ. ಅದುವರೆಗೆ ನಮ್ಮ ಕರಾವಳಿಯ ವಿಷಯದಲ್ಲಿ ಯಾವ ಕಂಪನಿಯೊಡನೆಯೂ ಕರಾರು ಬರೆಯುವ ಅವಸರವು ಬೆಂಗಳೂರಿಗೆ ಬೇಡ.