ಶಿವಾಜಿನಗರಕ್ಕೆ ಬಾರದ ಬಿಷಪ್

ಆಗಸ್ಟ್ 29ರ ಸಂಜೆ ಸೇಂಟ್ ಮೇರಿ ಬೆಸಿಲಿಕದ ಅಂಗಳದಲ್ಲಿ ಧ್ವಜ ಏರಿತೆಂದರೆ ಶಿವಾಜಿನಗರದ ಬಣ್ಣವೇ ಬದಲಾಗುತ್ತದೆ. ಕಾವಿ ಸೀರೆಯ ಹೆಂಗಸರು, ಕಾವಿ ಅಂಗಿಯ ಗಂಡಸರು ರಸೆಲ್ ಮಾರ್ಕೆಟ್ಟಿನ ಗದ್ದಲವನ್ನು ಬರಿಗಾಲಲ್ಲಿ ಸೀಳಿಕೊಂಡು ಬರುತ್ತಾರೆ. ಮೇಣದಬತ್ತಿ, ಮಲ್ಲಿಗೆ ದಂಡೆ, ಹರಕೆ ತೀರಿಸಲು ಮೇಣದಲ್ಲಿ ಎರಕ ಹೊಯ್ದ ಕೈಕಾಲು, ಪುಟ್ಟ ತೊಟ್ಟಿಲು. ಹೂವಿನವಳ ಕೂಗು ತಮಿಳಿನಲ್ಲಿ, ಪಕ್ಕದ ಅಂಗಡಿಯ ಚೌಕಾಸಿ ದಖನಿಯಲ್ಲಿ, ಮೈಕಿನಲ್ಲಿ ಕನ್ನಡದ ಪ್ರಾರ್ಥನೆ. ಒಳಗೆ ಮಾತೆ ಸೀರೆಯುಟ್ಟು ನಿಂತಿದ್ದಾಳೆ. ಸೆಪ್ಟೆಂಬರ್ 8ರಂದು ಅವಳ ತೇರು.

ಈ ಎತ್ತರದ ಗಾಥಿಕ್ ಗೋಪುರ 1882ರದು. ಕಟ್ಟಿಸಿದವರು ಕ್ಲೈನರ್ ಎಂಬ ಫ್ರೆಂಚ್ ಮಿಷನರಿ. ಅದಕ್ಕೂ ಬಹಳ ಮೊದಲು, ಊರಿಗೆ ಬ್ಲಾಕ್‌ಪಳ್ಳಿ ಎಂಬ ಹೆಸರಿದ್ದಾಗ, ಇಲ್ಲೊಂದು ಹುಲ್ಲುಮಾಡಿನ ಪ್ರಾರ್ಥನಾಮಂದಿರವಿತ್ತು. ಅಲ್ಲಿ ಪೂಜೆ ಅರ್ಪಿಸಲು ಬರುತ್ತಿದ್ದವರು ಅಬ್ಬೆ ದುಬಾಯ್. ಉದ್ದ ನಿಲುವಂಗಿ, ತಲೆಗೆ ರುಮಾಲು, ಕೈಯಲ್ಲಿ ಕೋಲು; ಮಾಂಸ ಮುಟ್ಟುತ್ತಿರಲಿಲ್ಲ. ದಕ್ಷಿಣ ಫ್ರಾನ್ಸಿನ ಸಾಧಾರಣ ಮನೆಯವರು. 1792ರಲ್ಲಿ ಗುರುದೀಕ್ಷೆ ಪಡೆದವರೇ ಕ್ರಾಂತಿಯ ಕತ್ತಿಗೆ ಸಿಗದೆ ಹಡಗು ಹತ್ತಿದರು.

ಅವರು ಬಿಟ್ಟುಬಂದ ಫ್ರಾನ್ಸಿನ ಚರ್ಚು ಹೇಗಿತ್ತು? ಬಿಷಪ್ಪರೆಲ್ಲ ಹೆಚ್ಚುಕಡಿಮೆ ಕುಲೀನ ಮನೆತನದವರೇ. ಪೀಠವೆಂದರೆ ಉಂಬಳಿ. ಸ್ತ್ರಾಸ್‌ಬೂರ್ಗಿನ ಬಿಷಪ್, ಕಾರ್ಡಿನಲ್ ರೊಹಾನ್, ರಾಣಿಯ ಕೃಪೆಗೆ ಹಂಬಲಿಸಿ 1785ರಲ್ಲಿ ವಜ್ರದ ಹಾರದ ಹಗರಣದಲ್ಲಿ ಸಿಕ್ಕಿ ಜೈಲು ಕಂಡ. ಆದರೆ ಅವನದು ಪೆದ್ದುತನ. ಜಾಣನೆಂದರೆ ತ್ಯಾಲೆರಾಂ.

1754ರಲ್ಲಿ ಪ್ಯಾರಿಸಿನ ಹಳೆಯ ಮನೆತನವೊಂದರಲ್ಲಿ ಹುಟ್ಟಿದವನು. ಕಾಲು ಕುಂಟು. ಕುಂಟನಿಗೆ ಸೈನ್ಯವೆಲ್ಲಿ? ಹಿರಿಯ ಮಗನ ಹಕ್ಕು ತಮ್ಮನಿಗೆ ಹೋಯಿತು, ಅಣ್ಣ ಪಾದ್ರಿಯಾದ. ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲಲಿಲ್ಲ; ಇಸ್ಪೀಟು, ಹೆಂಗಸರ ಸಂಗ, ಷೇರು ಮಾರುಕಟ್ಟೆ, ಊಟದ ಮೇಜಿನ ಚತುರೋಕ್ತಿ, ಇವುಗಳಲ್ಲಿ ನಿಂತಿತು. ಮೂವತ್ತೈದು ತುಂಬುವ ಮುನ್ನವೇ ಓತಾಂ ನಗರದ ಬಿಷಪ್. 1789ರ ವಸಂತದಲ್ಲಿ ಸುಮಾರು ಒಂದು ತಿಂಗಳು ತನ್ನ ಪೀಠದ ಊರಿನಲ್ಲಿದ್ದು ಪಾದ್ರಿಗಳಿಗೆ ಔತಣ ಹಾಕಿದ. ಅವರ ಮತದಿಂದ ವರ್ಸೈ ಸಭೆಗೆ ಆರಿಸಿ ಬಂದದ್ದೇ ತಡ, ಈಸ್ಟರ್ ದಿನ ಪೂಜೆಗೂ ಕಾಯದೆ ಗಾಡಿ ಏರಿದ. ಆರೇ ತಿಂಗಳಲ್ಲಿ, ಚರ್ಚಿನ ಆಸ್ತಿಯನ್ನೆಲ್ಲ ರಾಷ್ಟ್ರ ವಶಪಡಿಸಿಕೊಳ್ಳಲಿ ಎಂದು ಸಭೆಯಲ್ಲಿ ಸೂಚಿಸಿದವನೂ ಈ ಬಿಷಪ್ಪನೇ. 1791ರಲ್ಲಿ ತನ್ನ ಪೀಠದಿಂದ ತಾನೇ ಇಳಿದ; ಅದೇ ವರ್ಷ ಪೋಪರ ಅಪ್ಪಣೆಯಿಲ್ಲದೆ ಕ್ರಾಂತಿ ಸರ್ಕಾರದ ಬಿಷಪ್ಪರಿಗೆ ಅಭಿಷೇಕವನ್ನೂ ಮಾಡಿದ.

ಇವನಿಗೂ ಶಿವಾಜಿನಗರವಿರುವ ಬೆಂಗಳೂರು ದಂಡಿಗೂ ಏನು ಸಂಬಂಧ ಎನ್ನುತ್ತೀರೋ? ಇದೆ. 1797ರಲ್ಲಿ ಅವನು ವಿದೇಶಾಂಗ ಮಂತ್ರಿಯಾದ. ಕಚೇರಿ ಪ್ಯಾರಿಸಿನ ರ್ಯು ದು ಬಾಕ್ ಬೀದಿಯ ಮಗ್ಗುಲಿನ ಒಂದು ಮಹಲು. 1798ರ ಫೆಬ್ರವರಿಯಲ್ಲಿ ಅಲ್ಲಿಂದ ಹೊರಟ ವರದಿಯಲ್ಲಿ ಅವನು ಬರೆದದ್ದರ ಸಾರ ಇಷ್ಟು: ಈಜಿಪ್ಟನ್ನು ಹಿಡಿದು, ಸೂಯೆಜ್‌ನಿಂದ 15,000 ಸೈನಿಕರನ್ನು ಭಾರತಕ್ಕೆ ಕಳಿಸಿ, ಟಿಪ್ಪು ಸುಲ್ತಾನನ ಪಡೆಯೊಡನೆ ಸೇರಿಸಿ ಇಂಗ್ಲಿಷರನ್ನು ಓಡಿಸೋಣ. ನೆಪೋಲಿಯನ್ ಬೊನಪಾರ್ಟೆ ಈಜಿಪ್ಟಿಗೇನೋ ಹೋದ. ಸೂಯೆಜ್ ದಾಟಿ ಒಬ್ಬ ಸಿಪಾಯಿಯೂ ಬರಲಿಲ್ಲ. ಆದರೆ ಫ್ರೆಂಚರು ಬಂದೇಬಿಡುತ್ತಾರೆಂಬ ಭಯವನ್ನು ಗವರ್ನರ್ ಜನರಲ್ ವೆಲ್ಲೆಸ್ಲಿ ಯುದ್ಧಕ್ಕೆ ನೆಪ ಮಾಡಿಕೊಂಡ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಗೆದ್ದ ಸೈನ್ಯಕ್ಕೆ ಅಲ್ಲಿನ ಹವೆ ಒಗ್ಗಲಿಲ್ಲ. ಜ್ವರಕ್ಕೆ ಹೆದರಿ 1809ರಲ್ಲಿ ಹಲಸೂರಿನ ಕಡೆಗೆ ಬಂದು ಬಿಡಾರ ಹೂಡಿತು. ಸಿಪಾಯಿಗಳ ಹಿಂದೆ ಅಡುಗೆಯವರು, ಅಗಸರು, ಕುದುರೆ ನೋಡುವವರು, ತಮಿಳು ಕ್ರೈಸ್ತ ಕುಟುಂಬಗಳು. ದಂಡು ಹುಟ್ಟಿದ್ದು ಹೀಗೆ.

ದುಬಾಯ್ ಮೈಸೂರು ಸೀಮೆಗೆ ಬಂದದ್ದೂ ಆ ಪತನದ ಬೆನ್ನಿಗೇ, ಟಿಪ್ಪುವಿನ ಕಾಲದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು. ಹಾಸನದ ಬಳಿ ಸಾತಳ್ಳಿಯಲ್ಲಿ ಅವರಿಗಾಗಿ ಬೇಸಾಯದ ಊರು ಕಟ್ಟಿದರು. ಸಿಡುಬಿಗೆ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದರು. ಹಾಗೆಂದು ಅವರನ್ನು ಸಂತರೆಂದೇನೂ ಪೂಜಿಸಬೇಕಿಲ್ಲ. ಹಿಂದೂಗಳ ಆಚಾರವಿಚಾರಗಳ ಕುರಿತ ಅವರ ಹಸ್ತಪ್ರತಿಗೆ ಕಂಪನಿ ಸರ್ಕಾರ 2,000 ವರಹ ಕೊಟ್ಟಿತು. ಆ ಹಸ್ತಪ್ರತಿಯ ದೊಡ್ಡ ಭಾಗ ಕೂರ್ದು ಎಂಬ ಜೆಸ್ವಿತ್ ಪಾದ್ರಿಯ ಬರಹದಿಂದ ಎತ್ತಿದ್ದು, ಹೆಸರನ್ನೂ ಹೇಳದೆ. ಲೌಕಿಕ ಜಾಣತನ ಕುಲೀನರ ಸೊತ್ತೇನಲ್ಲ.

ತ್ಯಾಲೆರಾಂ ಭಾರತಕ್ಕೆ ಬರಲಿಲ್ಲ, ಭಾರತವೇ ಅವನ ಮನೆಗೆ ಹೋಯಿತು. 1802ರಲ್ಲಿ ಅವನು ಮದುವೆಯಾದ ಕ್ಯಾಥರೀನ್ ಗ್ರಾಂಡ್ ಹುಟ್ಟಿದ್ದು ತರಂಗಂಬಾಡಿಯ ಕಡಲ ದಂಡೆಯಲ್ಲಿ, ಬೆಳೆದದ್ದು ಚಂದನ್‌ನಗರದಲ್ಲಿ. ಕಲ್ಕತ್ತೆಯಲ್ಲಿ ಅವಳ ಮೊದಲ ಗಂಡ, ತನ್ನ ಮನೆಗೆ ರಾತ್ರಿ ಏಣಿ ಹಾಕಿದ, ಕಂಪನಿ ಸರ್ಕಾರದ ಹಿರಿಯ ಅಧಿಕಾರಿ ಫಿಲಿಪ್ ಫ್ರಾನ್ಸಿಸ್ ಮೇಲೆ ದಾವೆ ಹೂಡಿ 50,000 ರೂಪಾಯಿ ಪರಿಹಾರ ಗೆದ್ದಿದ್ದ. ಪೋಪರು ಮಾಜಿ ಬಿಷಪ್ಪನಿಗೆ ಲೌಕಿಕ ಬಾಳಿಗೆ ಒಪ್ಪಿಗೆ ಕೊಟ್ಟರೇ ಹೊರತು ಮದುವೆಗಲ್ಲ. ನೆಪೋಲಿಯನ್ ಅವನನ್ನು ಬೆನೆವೆಂತೊದ ರಾಜಕುಮಾರನನ್ನಾಗಿಸಿದ. ಆ ಊರು ಪೋಪರದ್ದೇ ಆಗಿತ್ತು! ಕಾರೇಮ್‌ನಂಥ ಬಾಣಸಿಗ ಅವನ ಅಡುಗೆಮನೆಯಲ್ಲಿ ದುಡಿದ. ಅವನ ಒಡೆಯರು ಬದಲಾದರು, ಊಟ ಕೆಡಲಿಲ್ಲ.

1838ರ ಮೇ 17. ಎಂಬತ್ತನಾಲ್ಕರ ಮುದುಕ ಬೆಳಗಿನ ಜಾವ ಚರ್ಚಿಗೆ ತಪ್ಪೊಪ್ಪಿಗೆಯ ಪತ್ರಕ್ಕೆ ಸಹಿ ಹಾಕಿಕೊಟ್ಟ. ಅಂತ್ಯಾಭ್ಯಂಗದ ಎಣ್ಣೆ ಹಚ್ಚಲು ಪಾದ್ರಿ ಬಾಗಿದಾಗ ಅಂಗೈ ಒಡ್ಡಲಿಲ್ಲ, ಮುಷ್ಟಿ ಮಗುಚಿ ಹಿಂಗೈ ಚಾಚಿದ. ದೀಕ್ಷೆಯ ದಿನವೇ ಅಂಗೈಗೆ ಅಭಿಷೇಕವಾಗಿರುತ್ತದಲ್ಲ! ಅರ್ಧ ಶತಮಾನ ಮರೆತಿದ್ದ ಹುದ್ದೆಯ ಶಿಷ್ಟಾಚಾರ ಸಾಯುವ ಹೊತ್ತಿಗೂ ತಪ್ಪಲಿಲ್ಲ.

ಅವನ ಮನೆಯಿಂದ ಸೇನ್ ನದಿಯಾಚೆ, ಅದೇ ರ್ಯು ದು ಬಾಕ್ ಬೀದಿಯ ಮಿಷನ್ ಸೆಮಿನರಿಯಲ್ಲಿ ಆಗ ದುಬಾಯ್ ಮುಖ್ಯಸ್ಥರು. 1823ರಲ್ಲಿ, ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತೆಂದು ಸಾರಿ ಊರಿಗೆ ಮರಳಿದವರು, ಆ ಆಗದ ಕೆಲಸಕ್ಕೆ ವರ್ಷವರ್ಷವೂ ಹುಡುಗರನ್ನು ತಯಾರು ಮಾಡುತ್ತ ಕುಳಿತಿದ್ದರು. ಮೈಸೂರು ಮಿಷನ್ನಿನ ಮೊದಲ ಬಿಷಪ್ ಶಾರ್ಬೊನ್ನೊ ಆ ಸೆಮಿನರಿಯಿಂದ ಬಂದವರು, ಕ್ಲೈನರ್ ಕೂಡ.