ಹಲಗೆ ಹಾಕುವ ದಿನ

ಮರವಂತೆಯಲ್ಲಿ ಬೈಕ್ ನಿಲ್ಲಿಸಿ ಫೋಟೊ ತೆಗೆಯದವರು ನಮ್ಮಲ್ಲಿ ಕಡಿಮೆ. ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಆದರೆ ಬೇಸಿಗೆಯಲ್ಲಿ ಆ ಹೊಳೆಯ ನೀರನ್ನು ನಾಲಿಗೆಗೆ ತಾಗಿಸಿ ನೋಡಿ, ಅದೂ ಉಪ್ಪೇ! ಮಳೆ ನಿಂತು ಹರಿವು ಕುಗ್ಗಿದರೆ ಸಾಕು, ಉಬ್ಬರದ ಹೊತ್ತಿಗೆ ಕಡಲ ನೀರು ಹೊಳೆಯೊಳಗೆ ಏರುತ್ತದೆ. ಬೈಂದೂರು ಕಡೆಯ ಸೌಪರ್ಣಿಕಾ, ಕುಂದಾಪುರದ ಪಂಚಗಂಗಾವಳಿ, ಬ್ರಹ್ಮಾವರದ ಸೀತಾ, ಮೂರೂ ಕಡೆ ಇದೇ ಕಥೆ. ಗದ್ದೆಯೂ ಕೆಡುತ್ತದೆ, ಬಾವಿಯೂ ಕೆಡುತ್ತದೆ. ಮಳೆಗಾಲದಲ್ಲಿ ಮುಳುಗುವ ಊರಿಗೆ ಏಪ್ರಿಲ್‌ನಲ್ಲಿ ನೀರಿನ ಟ್ಯಾಂಕರ್ ಬೇಕಾಗುವುದು ಹೀಗೆ.

ಸುಸ್ಥಿರ ಅಭಿವೃದ್ಧಿ ಅಂದ ತಕ್ಷಣ ನಮಗೆ ನೆನಪಾಗುವುದು 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಗುರಿಗಳು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತೂಬಿಟ್ಟಿದ್ದೇವೆ. ಅದರಲ್ಲಿ 6ನೆಯದು ಶುದ್ಧ ನೀರು. ನಮ್ಮ ಊರಲ್ಲಿ ಆ ಗುರಿ ಕಿಂಡಿ ಅಣೆಕಟ್ಟಿನ ರೂಪದಲ್ಲಿ ಕಾಣಸಿಗುತ್ತದೆ.

ರಚನೆ ಸರಳ. ಹೊಳೆಗೆ ಅಡ್ಡಲಾಗಿ ಕಾಂಕ್ರೀಟ್ ಕಂಬಗಳ ಸಾಲು, ನಡುವೆ ಕಿಂಡಿ. ಮಳೆಗಾಲದಲ್ಲಿ ಕಿಂಡಿ ತೆರೆದೇ ಇರುತ್ತದೆ. ನೆರೆ, ಹೂಳು, ಮೀನು ಎಲ್ಲ ದಾಟಿಹೋಗುತ್ತವೆ. ಮಳೆ ನಿಂತ ಮೇಲೆ ಹಲಗೆ ಇಳಿಸುತ್ತಾರೆ. ಎರಡು ಸಾಲು ಮರದ ಹಲಗೆ, ನಡುವೆ ಮಣ್ಣು ತುಂಬುವುದು ಹಳೆಯ ಕ್ರಮ. ಈಗ ಫೈಬರ್ ಹಲಗೆಗಳೂ ಬಂದಿವೆ. ಒಂದು ಬದಿ 2 ಮೀಟರ್ ನೀರು ನಿಂತು ಇನ್ನೊಂದು ಬದಿ ಖಾಲಿ ಇದ್ದರೆ, ಪ್ರತಿ ಮೀಟರ್ ಅಗಲಕ್ಕೆ ಸುಮಾರು 2 ಟನ್ ಬಲ ಬೀಳುತ್ತದೆ. ಬೇಕಾದರೆ ಲೆಕ್ಕ ಹಾಕಿ ನೋಡಿ.

ಹೊಳೆಯಲ್ಲಿ ನೀರು ನಿಂತರೆ ಬಾವಿಗೇನು ಲಾಭ? ಸಿಹಿನೀರಿನ ಸಾಂದ್ರತೆ ಘನಮೀಟರಿಗೆ 1000 ಕೆ.ಜಿ., ಕಡಲ ನೀರಿನದು ಸುಮಾರು 1025. ಹಾಗಾಗಿ ಕರಾವಳಿಯ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತದೆ. ಘೈಬೆನ್-ಹರ್ಜ್‌ಬರ್ಗ್ ಸೂತ್ರದಂತೆ, ಅಂತರ್ಜಲ ಕಡಲ ಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರುತ್ತದೆ. ಅದು ಅರ್ಧ ಮೀಟರಿಗೆ ಇಳಿದರೆ 40 ಹೋಗಿ 20 ಆಗುತ್ತದೆ. ನಮ್ಮ ಮುರಕಲ್ಲಿನ ನೆಲದಲ್ಲಿ ಲೆಕ್ಕ ಇಷ್ಟು ನೇರ ಇರಲಿಕ್ಕಿಲ್ಲ, ಆದರೂ ದಿಕ್ಕು ಅದೇ.

ಕಷ್ಟದ ಪ್ರಶ್ನೆ ಬೇರೆ ಇದೆ: ಹಲಗೆ ಹಾಕುವುದು ಯಾವಾಗ? ಬೇಗ ಹಾಕಿದ ಮೇಲೆ ಜೋರು ಮಳೆ ಬಂದರೆ ಮೇಲಿನ ಗದ್ದೆ ಮುಳುಗುತ್ತದೆ. ತಡವಾದರೆ ಸಿಹಿನೀರು ಕಡಲು ಸೇರಿ, ಉಪ್ಪು ಆಗಲೇ ಒಳಗೆ ಬಂದಿರುತ್ತದೆ. ಮುಂಗಾರಿಗೆ ಮೊದಲು ತೆಗೆಯದಿದ್ದರೆ ನೆರೆ. ಹಿಂದೆ ಊರವರೇ ಸೇರಿ ವರ್ಷಾ ವರ್ಷ ಮಣ್ಣಿನ ಕಟ್ಟ ಕಟ್ಟುತ್ತಿದ್ದರು. ಮಳೆಗೆ ಅದು ಕೊಚ್ಚಿ ಹೋಗುತ್ತಿತ್ತು, ಆದರೆ ಕಟ್ಟುವ ದಿನ ಅವರಿಗೆ ಗೊತ್ತಿತ್ತು. ಕಾಂಕ್ರೀಟು ಒಂದು ಸಲದ ಖರ್ಚು. ಹಲಗೆ, ಆಳು, ಉಸ್ತುವಾರಿ ಪ್ರತಿ ವರ್ಷದ್ದು. ಅದಕ್ಕೆ ಜನವೂ ದುಡ್ಡೂ ಇಲ್ಲದಿದ್ದರೆ ಅಣೆಕಟ್ಟು ಬರೀ ಕಾಲುಸೇತುವೆ.

ಇಲ್ಲಿ ನಮಗೂ ಕೆಲಸ ಇದೆ. ಒಂದು ವಿದ್ಯುತ್ ವಾಹಕತೆ ಮೀಟರ್ ಹಿಡಿದು, ಡಿಸೆಂಬರ್‌ನಿಂದ ಮೇ ತನಕ ವಾರಕ್ಕೊಮ್ಮೆ ಅಣೆಕಟ್ಟಿನ ಮೇಲಿನ ಮತ್ತು ಕೆಳಗಿನ ಕೆಲವು ಬಾವಿಗಳ ಉಪ್ಪು ಅಳೆದು ಬರೆದಿಡೋಣ. ಆ ಹಾಳೆಯನ್ನು ಗ್ರಾಮಸಭೆಯಲ್ಲಿ ಇಟ್ಟರೆ, ಮುಂದಿನ ವರ್ಷ ಹಲಗೆ ಹಾಕುವ ದಿನವನ್ನು ಊರವರು ಅಂಕಿ ನೋಡಿ ನಿರ್ಧರಿಸಬಹುದು.